ಅರವತ್ತಮೂರರಲ್ಲಿ ನಿಂತ ಯಂತ್ರ

ನೀಲಿ ಪರದೆಯ ಮೇಲೆ ನೂರರ ಕಡೆಗೆ ಏರುತ್ತಿದ್ದ ಅಂಕಿ ಅರವತ್ತಮೂರಕ್ಕೆ ಬಂದು ನಿಂತಿತು. ಒಳಗೆ ಸಿ.ಡಿ. ತಿರುಗುವ ಸಪ್ಪಳ ಒಮ್ಮೆ ಜೋರಾಯಿತು, ಒಮ್ಮೆ ಕಡಿಮೆಯಾಯಿತು, ಆಮೇಲೆ ಯಾರೋ ಉಗುರಿನಿಂದ ತಗಡು ಗೀಚಿದ ಹಾಗೆ ಕರ್ ಕರ್ ಎಂದಿತು. ಬಾಗಿಲ ಬಳಿ ನೀರಿನ ಕೊಡ ಇಳಿಸುತ್ತಿದ್ದ ನಾನು ಕೊಡ ಹಿಡಿದುಕೊಂಡೇ ನಿಂತೆ.

ರಿಪೇರಿ ಕೆಲಸದ ಜಹೀರುದ್ದೀನ ಪರದೆಯ ಹತ್ತಿರ ಬಗ್ಗಿ ಅಲ್ಲಿ ಮೂಡಿದ ಇಂಗ್ಲಿಷ್ ಸಾಲನ್ನು ಎರಡು ಸಲ ಓದಿದ. ಎರಡನೇ ಸಿ.ಡಿ. ಓದಲು ಬರುತ್ತಿಲ್ಲ, ತೆಗೆದು ಮತ್ತೆ ಹಾಕಿ ಎಂದು ಬರೆದಿದೆ ಅಂತ ಹಿಂದೆ ನಿಂತಿದ್ದ ಜಗದೇವಪ್ಪ ಕಾಕಾನಿಗೆ ಹೇಳಿದ. ತೆಗೆದು ಮತ್ತೆ ಹಾಕಿದ. ಮತ್ತೆ ಅದೇ ಕರ್ ಕರ್. ಮತ್ತೆ ಅರವತ್ತಮೂರು.

ಆ ಸಿ.ಡಿ.ಗೆ ಏನಾಗಿದೆ ಎಂಬುದು ಆ ಕೋಣೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಆಳಂದ ಬಜಾರಿನಲ್ಲಿ ಬೇಳೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಜಗದೇವಪ್ಪ ಕಾಕಾನ ಕಂಪ್ಯೂಟರ್ ಕ್ಲಾಸು. ಅವನು ನನ್ನ ಅಪ್ಪನಿಗೆ ದೂರದ ತಮ್ಮನಾಗಬೇಕು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಬೆಳಿಗ್ಗೆ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ನೀರು ತುಂಬುವುದು, ನಾಲ್ಕು ಕಂಪ್ಯೂಟರುಗಳ ಮುಸುಕು ತೆಗೆದು ಧೂಳು ಒರೆಸುವುದು ನನ್ನ ಕೆಲಸ. ಸಂಜೆ ಐದಕ್ಕೆ ಹುಡುಗರು ಹೋದ ಮೇಲೆ ಕೊನೆಯ ಕಂಪ್ಯೂಟರಿನ ಮುಂದೆ ಅರ್ಧ ತಾಸು ಕುಳಿತು ಟೈಪು ಮಾಡಲು ಕಾಕಾ ಬಿಡುತ್ತಿದ್ದ. ನನ್ನ ಹೆಸರು, ಊರಿನ ಹೆಸರು, ವಾರಗಳ ಹೆಸರು, ಬೋರ್ಡಿನ ಮೇಲೆ ಅಂದು ಉಳಿದದ್ದೆಲ್ಲ ಹೊಡೆಯುತ್ತಿದ್ದೆ. ಆ ಅರ್ಧ ತಾಸಿಗಾಗಿಯೇ ಉಳಿದ ದಿನವೆಲ್ಲ ಕೆಲಸ ಮಾಡುತ್ತಿದ್ದೆ ಎಂದರೂ ಸರಿ.

ಕಾಕಾ ನನಗೆ ಹಾಕಿದ್ದ ಕಟ್ಟಳೆ ಒಂದೇ. ಕಪಾಟಿನ ಕೀಲಿ ನನ್ನ ಹತ್ತಿರ ಇರುತ್ತದೆ, ಆದರೆ ಗಿರಾಕಿಗಳ ಸಾಮಾನು ಮುಟ್ಟಬಾರದು. ಮುಟ್ಟಿದ ದಿನ ಮನೆಗೆ.

ಆದಿತ್ಯವಾರ ದೌಲತರಾಯ ಸಾಹೇಬರು ಆ ಮಡಚುವ ಕಂಪ್ಯೂಟರನ್ನು ತಂದುಕೊಟ್ಟಿದ್ದರು. ಅದಕ್ಕೆ ಲ್ಯಾಪ್‌ಟಾಪ್ ಅನ್ನುತ್ತಾರೆ ಎಂದು ಜಹೀರುದ್ದೀನ ಹೇಳಿದ. ಆಳಂದದಲ್ಲಿ ಅಂಥದನ್ನು ಯಾರೂ ನೋಡಿರಲಿಲ್ಲ. ಸಾಹೇಬರು ನರೋಣಾ ಕಡೆ ಬಾವಿಗಳ ನೀರು ಅಳೆದು ಬರೆದುಕೊಳ್ಳುವ ಕೆಲಸದವರು. ಯಂತ್ರ ಅವರದಲ್ಲ, ಹೈದರಾಬಾದಿನಲ್ಲಿರುವ ಅವರ ಕಂಪನಿಯದು. ಅದಕ್ಕೆ ವೈರಸ್ ಹೊಕ್ಕಿತ್ತು. ಬರೆದುಕೊಂಡದ್ದನ್ನೆಲ್ಲ ಅವರು ಫ್ಲಾಪಿಗಳಲ್ಲಿ ಇಳಿಸಿಟ್ಟುಕೊಂಡಿದ್ದರು. ಯಂತ್ರದೊಳಗಿನದನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಬೇಕು, ಅದಕ್ಕೆಂದೇ ಯಂತ್ರದ ಜೊತೆ ಎರಡು ಸಿ.ಡಿ. ಬಂದಿವೆ ಎಂದು ಜಹೀರುದ್ದೀನ ಹೇಳಿದಾಗ ಒಪ್ಪಿದರು. ಬುಧವಾರ ಸಂಜೆ ಐದಕ್ಕೆ ಬಂದು ಒಯ್ಯುವೆ, ಅಲ್ಲಿಂದ ಸೀದಾ ಜೇವರ್ಗಿಗೆ ಹೋಗಬೇಕು, ಮರುದಿನ ಮೇಲಿನ ಅಧಿಕಾರಿಗೆ ಯಂತ್ರ ಒಪ್ಪಿಸಬೇಕು ಎಂದು ಹೇಳಿ ಹೋಗಿದ್ದರು.

ಅಂದೇ ಜಹೀರುದ್ದೀನ ಮೊದಲ ಸಿ.ಡಿ. ಹಾಕಿ ನೋಡುವಾಗ ಕರೆಂಟು ಹೋಯಿತು. ಯಂತ್ರದ ಬ್ಯಾಟರಿಯಲ್ಲಿ ಜೀವವಿರಲಿಲ್ಲ, ಹೀಗಾಗಿ ಆ ಸಿ.ಡಿ. ಯಂತ್ರದೊಳಗೇ ಉಳಿಯಿತು. ಎರಡನೆಯದು ಡಬ್ಬಿಯಲ್ಲಿ ಉಳಿಯಿತು. ಯಂತ್ರವನ್ನೂ ಡಬ್ಬಿಯನ್ನೂ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು.

ಮರುದಿನ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಎಲ್ಲಾ ಮಷೀನಿಗೂ ಪೂಜೆ ಮಾಡಿ ಮನೆಗೆ ಹೋಗು ಎಂದು ಹೇಳಿ ಕಾಕಾ ಅಫಜಲಪುರಕ್ಕೆ ಮಾವನ ಮನೆಗೆ ಹೋಗಿದ್ದ. ಜಹೀರುದ್ದೀನನಿಗೆ ರಜೆ. ನಾನೊಬ್ಬಳೇ ನಾಲ್ಕು ಕಂಪ್ಯೂಟರಿಗೂ ಪ್ರಿಂಟರಿಗೂ ವಿಭೂತಿ, ಕುಂಕುಮ, ಚೆಂಡುಹೂವು ಏರಿಸಿದೆ. ಎಲ್ಲ ಮುಗಿಸಿ ಊದಿನಕಡ್ಡಿ ಹಚ್ಚಿ ನಿಂತಾಗ ಕಪಾಟು ಕಣ್ಣಿಗೆ ಬಿತ್ತು.

ನನ್ನ ಆಯಿ, ಅಪ್ಪನ ಅವ್ವ ಗಂಗಾಬಾಯಿ, ಪ್ರತಿವರ್ಷ ಆ ದಿನ ಒಂದು ಮಾತು ಹೇಳುತ್ತಾಳೆ. ಒಂದು ವರ್ಷ ಅಜ್ಜ ಮಾಳಿಗೆ ಮೇಲೆ ಇಟ್ಟಿದ್ದ ಕುಡುಗೋಲಿಗೆ ಪೂಜೆ ಮಾಡಲು ಮರೆತನಂತೆ. ಅದೇ ವಾರ ಹುಲ್ಲು ಕೊಯ್ಯುವಾಗ ಅವನ ಎರಡು ಬೆರಳು ಹೋದವು. ಅಜ್ಜನ ಆ ಮೊಂಡು ಕೈಯಿಂದಲೇ ನಾನು ಸಣ್ಣವಳಿದ್ದಾಗ ಬೆಲ್ಲ ತಿಂದಿದ್ದೇನೆ. ಪೂಜೆಯ ದಿನ ಕತ್ತಲಲ್ಲಿ ಬಿಟ್ಟ ಹತಾರ ಮುನಿಯುತ್ತದೆ ಎಂದರೆ ನನಗೆ ಅದು ಬರೀ ಕತೆಯಲ್ಲ.

ಕಪಾಟು ತೆಗೆದೆ. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಸಣ್ಣಗೆ ಕುಂಕುಮ ಇಟ್ಟು ಹೂವು ಮುಟ್ಟಿಸಿ ತೆಗೆದೆ. ಪಕ್ಕದಲ್ಲಿ ಡಬ್ಬಿ ಇತ್ತು. ಸಿ.ಡಿ. ಹೊರಗೆ ತೆಗೆದಾಗ ಅದರ ಒಂದು ಮೈ ಕನ್ನಡಿಯಂತೆ ಹೊಳೆಯಿತು, ಅದರಲ್ಲಿ ನನ್ನ ಮುಖ ಕಂಡಿತು. ಅದೇ ಅದರ ಮುಖವೆಂದು ತಿಳಿದೆ. ನೀರು ಹಚ್ಚಿದ ವಿಭೂತಿ ಜಾರಿ ಜಾರಿ ಬಂತು, ಹತ್ತಲಿಲ್ಲ. ಜಡೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ತಾಗಿಸಿಕೊಂಡು ಮೂರು ಗೆರೆ ಎಳೆದು, ಅದರ ಮೇಲೆ ವಿಭೂತಿ ಹಚ್ಚಿ, ನಡುವೆ ಕುಂಕುಮ ಇಟ್ಟೆ. ಚೆಂದ ಕಂಡಿತು. ಮರುಗಳಿಗೆಗೇ ಕಾಕಾನ ಮಾತು ನೆನಪಾಯಿತು. ಓಢಣಿಯ ಸೆರಗಿನಿಂದ ಊಟದ ತಾಟು ಒರೆಸಿದ ಹಾಗೆ ದುಂಡಗೆ, ಒತ್ತಿ ಒತ್ತಿ ಒರೆಸಿದೆ. ಹೊಳಪು ಬರುವ ತನಕ ಒರೆಸಿದೆ. ಡಬ್ಬಿಯಲ್ಲಿಟ್ಟು ಕೀಲಿ ಹಾಕಿದೆ.

ಮಂಗಳವಾರ ಬನ್ನಿ ಹಬ್ಬದ ರಜೆ. ಬುಧವಾರ ಈಗ ಅದು ಅರವತ್ತಮೂರಕ್ಕೆ ನಿಂತಿತ್ತು.

ಜಹೀರುದ್ದೀನ ಯಂತ್ರವನ್ನು ಬಂದ್ ಮಾಡಿ ಮತ್ತೆ ಹಚ್ಚಿದ. ಈ ಸಲ ನೀಲಿಯೂ ಬರಲಿಲ್ಲ. ಬರೀ ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಗೀಟು ಕಣ್ಣು ಮಿಟುಕಿಸುತ್ತಿತ್ತು. ಹಳೆಯದೆಲ್ಲ ಅಳಿಸಿಹೋಗಿದೆ, ಹೊಸದು ಪೂರ್ತಿ ಕೂತಿಲ್ಲ, ಹೀಗಾಗಿ ಈಗ ಇದರೊಳಗೆ ಏನೂ ಇಲ್ಲ ಎಂದು ಅವನು ಮೆಲ್ಲಗೆ ಹೇಳಿದ.

ಕಾಕಾನ ಮುಖ ಕೆಂಪಾಯಿತು. ಬಂದಾಗ ನಡೆಯುತ್ತಿದ್ದ ಯಂತ್ರವನ್ನು ಹೆಣ ಮಾಡಿಟ್ಟೆ ಎಂದ. ಜಹೀರುದ್ದೀನ ಮೊದಲು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು. ಗುಲಬರ್ಗಾಕ್ಕೆ ಆರು ತಿಂಗಳು ಓಡಾಡಿ ಕಂಪ್ಯೂಟರ್ ಕೆಲಸ ಕಲಿತಿದ್ದ. ಕಾಕಾ ಅವನನ್ನು ಇಟ್ಟುಕೊಂಡು ಎರಡೇ ತಿಂಗಳಾಗಿತ್ತು, ಅದೂ ನೋಡೋಣವೆಂದು.

"ರೇಡಿಯೋ ಬಿಚ್ಚಿದಂಗ ಬಿಚ್ಚಿದಿ ಏನ್ಲೇ ಇದನ್ನ?"

"ಬಿಚ್ಚಿಲ್ರಿ. ಒಂದು ತಾಸು ಕೊಡ್ರಿ, ನೋಡ್ತೇನಿ."

ಅವನು ನೋಡುವ ರೀತಿಯನ್ನು ನಾನು ಕಸಬರಿಗೆ ಹಿಡಿದು ನೋಡುತ್ತಿದ್ದೆ. ಗಾಬರಿಯಾದವರು ಮಾಡುವ ಹಾಗೆ ಎಲ್ಲವನ್ನೂ ಒಮ್ಮೆಗೇ ಮುಟ್ಟುತ್ತಿರಲಿಲ್ಲ. ಮೊದಲು ಯಂತ್ರದ ತಳಕ್ಕೆ ಅಂಗೈ ಇಟ್ಟು ಬಿಸಿಯಾಗಿದೆಯೇ ನೋಡಿದ. ಅದರ ಕೆಳಗೆ ಎರಡು ಪೆನ್ನು ಇಟ್ಟು ಎತ್ತರಿಸಿ ಗಾಳಿ ಬಿಟ್ಟ. ಸಿ.ಡಿ. ಓದುವ ಗಾಜಿನ ಕಣ್ಣು ಹೊಲಸಾಗಿರಬಹುದು ಎಂದು ಹತ್ತಿಗೆ ಸ್ಪಿರಿಟ್ ಹಚ್ಚಿ ಮೆಲ್ಲಗೆ ಒರೆಸಿದ. ಸಿ.ಡಿ.ಯನ್ನೂ ಅದೇ ಸ್ಪಿರಿಟ್‌ನಿಂದ ಒರೆಸಿದ. ಆಮೇಲೆ ಮೊದಲಿನಿಂದ ಶುರು ಮಾಡಿದ.

ಮೊದಲ ಸಿ.ಡಿ. ಅರ್ಧ ತಾಸಿನಲ್ಲಿ ಎಲ್ಲೂ ಎಡವದೆ ಮುಗಿಯಿತು. ಎರಡನೆಯದನ್ನು ಹಾಕಿದಾಗ ನಾನು ನೀರು ಕುಡಿಯುವ ನೆವ ಮಾಡಿ ಹತ್ತಿರ ಹೋದೆ. ಐವತ್ತೆಂಟು. ಅರವತ್ತು. ಅರವತ್ತೆರಡು. ಕರ್ ಕರ್.

ಅವನು ಹಿಂದಕ್ಕೆ ಒರಗಿ ಕುಳಿತ. ಮೊದಲನೆಯದನ್ನು ಓದುತ್ತದೆ ಎಂದ ಮೇಲೆ ಯಂತ್ರದ ದೋಷವಲ್ಲ, ಎರಡನೆಯದು ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆ ಎಂದ ಮೇಲೆ ದೋಷ ಈ ಸಿ.ಡಿ.ಯಲ್ಲೇ ಇದೆ ಎಂದು ಕಾಕಾನಿಗೆ ವಿವರಿಸಿದ. ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ದೂರದಿಂದಲೇ ನನಗೂ ಕಂಡಿತು. ಹೊಳೆಯುವ ಮೈಯ ಮೇಲೆ ಕೂದಲಿನಂಥ ದುಂಡು ಗೆರೆಗಳು, ಅವುಗಳ ಮೇಲೆ ತೆಳ್ಳಗೆ ಮಂಜು ಕವಿದ ಹಾಗೆ.

ಕಾಕಾ ಕೆಳಗೆ ಬೇಳೆ ಅಂಗಡಿಗೆ ಇಳಿದು ಗುಲಬರ್ಗಾಕ್ಕೂ ಹೈದರಾಬಾದಿಗೂ ಫೋನು ಹಚ್ಚಿ ಬಂದ. ಬೇರೆ ಸಿ.ಡಿ. ಬೇಕೆಂದರೆ ಕಂಪನಿಗೆ ಬರೆಯಬೇಕು, ಬರಲು ಎಂಟು ಹತ್ತು ದಿನ. ಅವನು ಕೂಗಾಡಲಿಲ್ಲ. ಅದೇ ನನಗೆ ಹೆಚ್ಚು ಅಂಜಿಕೆ ತಂದಿತು.

"ಸಾಹೇಬ್ರು ಬಂದ್ರ ನೀನ ಹೇಳು, ನನ್ನ ಕೈಲೆ ಹಾಳಾತು ಅಂತ. ನಾಳಿಂದ ಇತ್ಲಾಗ ಬರಬ್ಯಾಡ. ನಿನ್ನ ಟೇಪ್‌ರೆಕಾರ್ಡ್ ನಿನಗ ಛಲೋ."

ಸರಿಯಾಗಿ ಎರಡಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಹುಡುಗರನ್ನು ಮನೆಗೆ ಕಳಿಸಿ ಕಾಕಾ ಊಟಕ್ಕೆ ಹೋದ.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಕಪಾಟಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬೋರ್ಡು ಒರೆಸುವ ಬಟ್ಟೆಯನ್ನು ಮಡಚಿದೆ, ಬಿಚ್ಚಿದೆ, ಮಡಚಿದೆ. ಜಹೀರುದ್ದೀನ ಕಿಟಕಿಯ ಹತ್ತಿರ ನಿಂತು ಸಿ.ಡಿ.ಯನ್ನು ತಿರುವಿ ತಿರುವಿ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ.

"ತಂಗಿ, ಆದಿತ್ಯವಾರ ನಾ ಇದನ್ನ ಮೇಜಿನ ಮ್ಯಾಲ ಬಿಟ್ಟಿದ್ನೇನು? ನಿನಗ ನೆನಪದೇನು? ಡಬ್ಬ್ಯಾಗ ಇಟ್ಟೆ ಅಂತ ಅನಸ್ತದ, ಆದ್ರ ಖಾತ್ರಿ ಆಗವಲ್ದು."

"ಗೊತ್ತಿಲ್ರಿ," ಅಂದೆ.

ಅವನು ಅದನ್ನು ನಂಬಿ ತಲೆ ಅಲ್ಲಾಡಿಸಿದ. ತನ್ನ ಬೆರಳುಗಳನ್ನು ನೋಡಿಕೊಂಡ. ಕಾದ ತಂತಿ ತಾಗಿ ತುದಿಗಳು ಗಟ್ಟಿಯಾಗಿ ಕಪ್ಪಾಗಿದ್ದವು. ಬಹುಶಃ ನಾನೇ ಮಾಡಿರಬೇಕು ಎಂದು ತನಗೆ ತಾನೇ ಅಂದ.

ಅವನು ಡಬ್ಬಿಯನ್ನು ಮೇಜಿನ ತುದಿಯಲ್ಲಿ ತೆರೆದಿಟ್ಟಿದ್ದ. ನಡುವೆ ಸಿ.ಡಿ. ಸಿಕ್ಕಿಸುವ ಹಲ್ಲುಗಳ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಕೂತಿತ್ತು. ನನ್ನ ಕುಂಕುಮ. ಅವನು ಇನ್ನೂ ನೋಡಿರಲಿಲ್ಲ. ಒರೆಸುವ ನೆವದಿಂದ ಡಬ್ಬಿ ಎತ್ತಿಕೊಂಡು ಮೂಲೆಗೆ ಬಂದೆ. ಓಢಣಿಯ ಸೆರಗನ್ನು ನಾಲಿಗೆಗೆ ತಾಗಿಸಿ ತೋಯಿಸಿಕೊಂಡೆ. ಆ ಸಾಸಿವೆಯಷ್ಟು ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಂಜೆ ಐದಕ್ಕೆ ನಾನು ಕೊನೆಯ ಕಂಪ್ಯೂಟರಿನ ಮುಂದೆ ಕೂತಿರುತ್ತೇನೆ. ನಾಳೆಯೂ.

ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕಾಕಾ ಅಪ್ಪನಿಗೆ ಹೇಳುತ್ತಾನೆ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂದಿರಲಿಲ್ಲವೇ ಎಂದು ಮನೆಯಲ್ಲಿ ಎಲ್ಲರೂ ನೆನಪು ಮಾಡಿಕೊಡುತ್ತಾರೆ. ಆಮೇಲೆ ಮನೆಯ ಬಾಗಿಲು, ಒಲೆ, ಮತ್ತೆ ಅದೇ ಬಾಗಿಲು.

ಬೆರಳಿಟ್ಟು ತಿಕ್ಕಿದೆ. ಕುಂಕುಮ ಹೋಗಲಿಲ್ಲ, ಎಣ್ಣೆಯ ಜೊತೆ ಹರಡಿಕೊಂಡು ಹಲ್ಲುಗಳ ಸುತ್ತ ಕೆಂಪಾಯಿತು. ನನ್ನ ಬೆರಳೂ ಕೆಂಪಾಯಿತು. ಅದನ್ನು ನೋಡುತ್ತಿದ್ದಾಗ ಒಂದು ಹೊಳೆಯಿತು. ಇದು ಎಣ್ಣೆ. ಎಣ್ಣೆ ಹತ್ತಿದ ತಾಟನ್ನು ಯಾರಾದರೂ ಸ್ಪಿರಿಟ್‌ನಿಂದ ಒರೆಸುತ್ತಾರೆಯೇ? ಸಾಬೂನು ಹಚ್ಚಿ ತೊಳೆಯಬೇಕು. ಅವನು ಒರೆಸಿದ್ದೂ ಹೀಗೇ ಹರಡಿರಬೇಕು. ಆದರೆ ಅದರ ಮೇಲೆ ಎಣ್ಣೆ ಇದೆ ಎಂದು ಅವನಿಗೆ ಹೇಗೆ ತಿಳಿಯಬೇಕು?

ಎದ್ದು ಹೋಗಿ ಡಬ್ಬಿಯನ್ನು ಅವನ ಮುಂದೆ ಇಟ್ಟೆ.

"ನೀವು ಮಾಡಿದ್ದಲ್ರಿ ಜಹೀರಣ್ಣ. ನಾ ಪೂಜಾ ಮಾಡೀನಿ."

"ಯಾವುದಕ್ಕ?"

"ಅದಕ್ಕ. ಸಿ.ಡಿ.ಗಿ."

ಅವನು ಡಬ್ಬಿಯನ್ನು ನೋಡಿದ, ನನ್ನ ಕೆಂಪು ಬೆರಳನ್ನು ನೋಡಿದ. ಕೂಗುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ.

"ಏನೇನ್ ಹಚ್ಚಿದಿ? ಒಂದೊಂದ ಹೇಳು."

"ಎಣ್ಣಿ. ಅದರ ಮ್ಯಾಲ ವಿಭೂತಿ. ನಡುವ ಕುಂಕುಮ."

"ಎಣ್ಣಿ ಯಾಕ?"

"ವಿಭೂತಿ ಜಾರ್ತಿತ್ರಿ. ಹತ್ತವಲ್ದಾಗಿತ್ತು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾನೆ ಎಂದು ನನ್ನ ಜೀವ ಹೋಯಿತು. ಕೈ ತೆಗೆದಾಗ ನೋಡಿದರೆ ಸಪ್ಪಳವಿಲ್ಲದೆ ನಗುತ್ತಿದ್ದ, ಕಣ್ಣಲ್ಲಿ ನೀರು ಬಂದಿತ್ತು.

"ಬರೋಬರಿ. ಕನ್ನಡಿಗಿ ಹ್ಯಾಂಗ ಹತ್ತಬೇಕು ಪಾಪ," ಅಂದ. ಆಮೇಲೆ ನಗು ಒಮ್ಮೆಗೇ ನಿಂತು, ಹೇಗೆ ಒರೆಸಿದೆ ಎಂದು ಕೇಳಿದ. ಗಾಳಿಯಲ್ಲಿ ಕೈಯಾಡಿಸಿ ತೋರಿಸಿದೆ. ಅವನ ಮುಖ ಸಪ್ಪಗಾಯಿತು. ಸಿ.ಡಿ.ಯಲ್ಲಿ ಬರೆದದ್ದೆಲ್ಲ ದುಂಡಗೆ ಸುತ್ತಿಕೊಂಡು ಹೋಗುತ್ತದೆ, ದುಂಡಗೆ ಗೀಚಿದರೆ ಒಂದು ಸಾಲಿಗೆ ಸಾಲೇ ಹೋಗುತ್ತದೆ, ಅಡ್ಡಕ್ಕೆ ಗೀಚಿದರೆ ಒಂದೊಂದು ಅಕ್ಷರ ಹೋಗುತ್ತದೆ, ಅಷ್ಟನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ ಎಂದು ತಿಳಿಸಿದ. ವಿಭೂತಿ ಎಂದರೆ ಬೂದಿ, ಬೂದಿ ಗೀಚದೆ ಇರುವುದಿಲ್ಲ. ಗೀಚಿದ್ದು ಎಷ್ಟು, ಬರೀ ಎಣ್ಣೆ ಎಷ್ಟು ಎಂದು ತೊಳೆದ ಮೇಲೆಯೇ ತಿಳಿಯಬೇಕು.

ಕೆಳಗಿನ ಅಂಗಡಿಯಿಂದ ಒಂದು ತುಂಡು ಮೈಸಾಬೂನು ತಂದೆ. ನಾನು ತುಂಬಿಟ್ಟಿದ್ದ ನೀರಿನಲ್ಲಿ ಅದನ್ನು ಕರಗಿಸಿ ನೊರೆ ಮಾಡಿದೆವು. ತನ್ನ ಬೆರಳು ಒರಟು, ನೀನೇ ತೊಳೆ ಎಂದ. ನಾನು ಇನ್ನಷ್ಟು ಕೆಡಿಸಿದರೆ ಎಂದೆ. ಕೆಡುವುದಿಲ್ಲ, ಉಗುರು ಮಾತ್ರ ತಾಗಿಸಬೇಡ ಎಂದ. ನಡುವಿನ ತೂತಿನಿಂದ ಅಂಚಿನ ಕಡೆಗೆ, ನೆಟ್ಟಗೆ, ಬೆರಳ ಮೆತ್ತನೆಯ ಭಾಗದಿಂದ ನೊರೆ ಎಳೆದೆ. ಮೂರು ನೀರು ಹಾಕಿದೆ. ನೀರು ಮೊದಲು ಮುತ್ತಿನ ಹನಿಯಾಗಿ ನಿಲ್ಲುತ್ತಿತ್ತು. ಮೂರನೇ ಸಲ ಸರ್ರನೆ ಇಳಿದು ಹೋಯಿತು. ಒರೆಸಲಿಲ್ಲ, ಸ್ವಚ್ಛ ಬಟ್ಟೆಯ ಮೇಲೆ ನಿಲ್ಲಿಸಿ ಆರಿಸಿದೆವು. ಮಂಜು ಹೋಗಿತ್ತು. ಕೂದಲಿನಂಥ ಗೆರೆಗಳು ಹೋಗಿರಲಿಲ್ಲ.

ಮೂರೂವರೆಗೆ ಕರೆಂಟು ಬಂತು. ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಮೊದಲ ಸಿ.ಡಿ. ಮತ್ತೆ ಅರ್ಧ ತಾಸು ತೆಗೆದುಕೊಂಡಿತು. ಎರಡನೆಯದನ್ನು ಹಾಕುವ ಮುಂದೆ ಅವನು ಬಾಯಲ್ಲೇ ಬಿಸ್ಮಿಲ್ಲಾ ಅಂದುಕೊಂಡ. ನಾನು ಏನನ್ನೂ ಅಂದುಕೊಳ್ಳಲಿಲ್ಲ, ಆ ವಾರಕ್ಕೆ ನನ್ನ ಪೂಜೆ ಸಾಕಾಗಿತ್ತು.

ಐವತ್ತು ದಾಟಿದಾಗ ಕೆಳಗೆ ಜೀಪು ನಿಂತ ಸಪ್ಪಳವಾಯಿತು. ಸಾಹೇಬರು ಬೇಗನೆ ಬಂದಿದ್ದರು. ಮೆಟ್ಟಿಲ ಮೇಲೆ ಕಾಕಾನ ಚಪ್ಪಲಿ, ಅದರ ಹಿಂದೆ ಬೂಟು. ಅವರು ಒಳಗೆ ಬಂದಾಗ ಅಂಕಿ ಅರವತ್ತೊಂದು. ಯಾರೂ ಕೂರಲಿಲ್ಲ.

ಅರವತ್ತೆರಡು. ಅರವತ್ತಮೂರು.

ಕರ್ ಎಂದಿತು. ಸಪ್ಪಳ ಏರಿತು, ಇಳಿಯಿತು, ಮತ್ತೆ ಏರಿತು. ಅಂಕಿ ಅಲ್ಲಾಡಲಿಲ್ಲ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡತೊಡಗಿದೆ. ಅದು ಒಂದು ಸುತ್ತು ಹೋಯಿತು, ಎರಡನೇ ಸುತ್ತು ಹೋಯಿತು. ಜಹೀರುದ್ದೀನನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಮತ್ತೊಮ್ಮೆ ಕರ್ ಎಂದಿತು.

ಅರವತ್ತನಾಲ್ಕು.

ಆಮೇಲೆ ಅದು ನಿಲ್ಲಲಿಲ್ಲ. ನೂರಾದ ಮೇಲೆ ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಯಂತ್ರ ಒಂದು ಸಣ್ಣ ರಾಗ ಹಾಡಿತು. ಮಾಲೀಕರ ಹೆಸರು ಬರೆಯಿರಿ ಎಂದು ಕೇಳಿತು. ಸಾಹೇಬರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕುಳಿತರು.

ಏನಾಗಿತ್ತು ಎಂದು ಕೇಳಿದರು. ಸಿ.ಡಿ. ಹೊಲಸಾಗಿತ್ತು, ತೊಳೆದೆ ಎಂದಷ್ಟೇ ಜಹೀರುದ್ದೀನ ಹೇಳಿದ. ಜೀಪಿನ ಧೂಳಿರಬೇಕು, ತಾನೇ ಜೋಪಾನ ಮಾಡಬೇಕಿತ್ತು ಎಂದು ಸಾಹೇಬರು ನಕ್ಕರು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಉಸಿರು ಬಿಡುವಷ್ಟರಲ್ಲಿ ಕಾಕಾ ಜಹೀರುದ್ದೀನನ ಕಡೆ ತಿರುಗಿದ.

"ಧೂಳಲ್ರಿ ಸಾಹೇಬ್ರ, ಇವನ ಕೈ ನೋಡ್ರಿ ಹ್ಯಾಂಗವ. ಹೊಲಸು ಕೈಲೆ ಹಿಡದಾನ. ನಾಳಿಂದ ಬ್ಯಾರೆ ಮನಷಾನ್ನ ಇಡ್ತೇನಿ."

ಜಹೀರುದ್ದೀನ ಕೈಗಳನ್ನು ಮೇಜಿನ ಕೆಳಗೆ ತೆಗೆದುಕೊಂಡ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲವೇನೋ.

"ಹೊಲಸು ಕೈ ನಂದು ಕಾಕಾ," ಅಂದೆ. "ಸೋಮವಾರ ಕಪಾಟ ತಗದು ಅದಕ್ಕ ಪೂಜಾ ಮಾಡೀನಿ. ಎಣ್ಣಿ ಹಚ್ಚೀನಿ. ಜಹೀರಣ್ಣಗ ಮಧ್ಯಾಹ್ನದ ತನಕಾ ಗೊತ್ತಿದ್ದಿಲ್ಲ."

ಸಾಹೇಬರು ಸಿ.ಡಿ.ಯ ಕಡೆ, ಆಮೇಲೆ ಯಂತ್ರದ ಮುಚ್ಚಳದ ಕಡೆ ನೋಡಿದರು.

"ಇದಕ್ಕೂ ಹಚ್ಚಿದ್ದೇನವಾ?"

"ಹೌದ್ರಿ."

ಅವರು ಮುಚ್ಚಳವನ್ನು ಒಮ್ಮೆ ಅಂಗೈಯಿಂದ ಸವರಿದರು. ಯಂತ್ರ ಮಡಚಿ ಚೀಲದಲ್ಲಿಟ್ಟುಕೊಂಡು, ಜಹೀರುದ್ದೀನನ ಕೈ ಕುಲುಕಿ ಇಳಿದು ಹೋದರು. ಕಾಕಾ ನನ್ನ ಮುಂದೆ ಅಂಗೈ ಚಾಚಿದ. ಕೀಲಿ ಗೊಂಚಲು ಕೊಟ್ಟೆ. ಬಾಗಿಲಿನದೂ ಕಪಾಟಿನದೂ ಅದರಲ್ಲೇ ಇದ್ದವು. ನಾಳೆ ಒಂಬತ್ತಕ್ಕೆ ಬಾ ಎಂದು ಜಹೀರುದ್ದೀನನಿಗೆ ಹೇಳಿದ. ನನಗೆ ಏನೂ ಹೇಳಲಿಲ್ಲ. ಗಡಿಯಾರದಲ್ಲಿ ಐದೂಕಾಲಾಗಿತ್ತು. ಕೊನೆಯ ಕಂಪ್ಯೂಟರಿಗೆ ಮುಸುಕು ಹಾಕಿ ಮನೆಗೆ ಬಂದೆ.

ಮನೆಯಲ್ಲಿ ಏನನ್ನೂ ಹೇಳಲಿಲ್ಲ. ಬೆಳಿಗ್ಗೆ ಯಾವಾಗಿನಂತೆ ಎದ್ದು ಜಡೆ ಹಾಕಿಕೊಂಡೆ, ಎಣ್ಣೆ ಹಚ್ಚಲಿಲ್ಲ. ಎಂಟೂವರೆಗೆ ಮಾಳಿಗೆ ಹತ್ತಿದರೆ ಬಾಗಿಲಿಗೆ ಕೀಲಿ. ಮೇಲಿನ ಮೆಟ್ಟಿಲ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಜಹೀರುದ್ದೀನ ಬಂದ. ಎರಡು ಮೆಟ್ಟಿಲು ಕೆಳಗೆ ಗೋಡೆಗೆ ಒರಗಿ ನಿಂತ. ಕೆಳಗೆ ಬೇಳೆ ಅಂಗಡಿಯವರು ಚೀಲ ಬಿಚ್ಚಿ ಸುರಿಯುವ ಸಪ್ಪಳ ಕೇಳುತ್ತಿತ್ತು. ಕಾಕಾ ಅಪ್ಪನ ಹತ್ತಿರ ಹೋಗಿರಬಹುದೇ, ದಾರಿಯಲ್ಲಿ ಇಬ್ಬರೂ ನಿಂತು ಮಾತಾಡುತ್ತಿರಬಹುದೇ ಎಂದು ಎಣಿಸುತ್ತ ಕುಳಿತೆ.

ಒಂಬತ್ತಕ್ಕೆ ಕಾಕಾನ ಚಪ್ಪಲಿಯ ಸಪ್ಪಳ. ನಾನು ಎದ್ದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆ. ಕಾಕಾ ನನ್ನನ್ನು ದಾಟಿ ಹೋಗಿ ಕೀಲಿ ತೆಗೆದು, ಗೊಂಚಲನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ಜಹೀರುದ್ದೀನ ಒಳಗೆ ಹೋದ. ನಾನು ಹೊಸ್ತಿಲಾಚೆ ನಿಂತೇ ಇದ್ದೆ.

ಒಳಗಿನಿಂದ ಕಾಕಾನ ದನಿ ಬಂತು.

"ಕೊಡ ಖಾಲಿ ಬಿದ್ದದಲ್ಲಬೇ. ನೀರು ಯಾರು ತುಂಬಬೇಕು?"